ಊಟ ಆದ್ಮೇಲೆ ಏಳುವ ಕಂಪ್ಯೂಟರ್

ನಮ್ಮ ಕಡೆ ಕಂಪ್ಯೂಟರ್ ರಿಪೇರಿಗೆ ಕೊಟ್ಟವರಿಗೆಲ್ಲ ಒಂದು ಮಾತು ಬಾಯಿಪಾಠವಾಗಿರುತ್ತದೆ: “ಬೋರ್ಡ್ ಹೋಗಿದೆ.” ದೊಡ್ಡಾಸ್ಪತ್ರೆಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳುವ ಮಾತಿನ ಹಾಗೆ ಅದು. ಅದರ ಮೇಲೆ ಪ್ರಶ್ನೆ ಇಲ್ಲ. ಯಾಕೆ ಹೋಯಿತು, ಇಡೀ ಬೋರ್ಡೇ ಹೋಯಿತೋ ಅದರಲ್ಲೊಂದು ತುಂಡು ಹೋಯಿತೋ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಬರುವ ಉತ್ತರ ಒಂದೇ, “ಕಡಲ ಬದಿ ಅಲ್ವಾ, ಉಪ್ಪುಗಾಳಿ. ಮತ್ತೆ ನಿಮ್ಮ ಕರೆಂಟು.”

2009ರ ಮಳೆಗಾಲದಲ್ಲಿ ಈ ಉತ್ತರ ಸಾಕಾಗದೆ ಹೋದದ್ದು ನನ್ನ ಚಿಕ್ಕಮ್ಮನಿಂದ.

ಚಿಕ್ಕಮ್ಮನಿಗೆ ಬೈಂದೂರಿನಲ್ಲಿ ಒಂದು ಡಿಟಿಪಿ-ಜೆರಾಕ್ಸ್ ಅಂಗಡಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು 2005ರಲ್ಲಿ ಹಾಕಿದ್ದು. ಆಗ ಬೈಂದೂರು ಇನ್ನೂ ಕುಂದಾಪುರ ತಾಲೂಕಿನೊಳಗೇ ಇತ್ತು. ಸಣ್ಣ ಕೆಲಸಕ್ಕೂ ಕುಂದಾಪುರದ ತಾಲೂಕು ಕಚೇರಿಗೆ ಹೋಗಬೇಕಿದ್ದ ಜನ, ಬಸ್ಸು ಹತ್ತುವ ಮೊದಲು ಚಿಕ್ಕಮ್ಮನ ಹತ್ತಿರ ಅರ್ಜಿ ಟೈಪ್ ಮಾಡಿಸಿಕೊಳ್ಳುತ್ತಿದ್ದರು. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಹರಕೆ ಆಟದ ಹ್ಯಾಂಡ್‌ಬಿಲ್ಲು, ವೈಕುಂಠ ಸಮಾರಾಧನೆಯ ಕಾಗದ. ಊರಿನ ಹುಟ್ಟು ಸಾವುಗಳೆಲ್ಲ ಆ ಒಂದು ಪೆಂಟಿಯಂ 4 ಕಂಪ್ಯೂಟರಿನ ಮೂಲಕ ಹಾದು ಹೋಗುತ್ತಿದ್ದವು. ಪತ್ರಿಕೆಗಳಿಗೆ ಬಿಡಿ ಸುದ್ದಿ ಕಳಿಸುತ್ತಿದ್ದ ನಾನೂ ಆ ಕಡೆ ಹೋದಾಗ ಅಲ್ಲೇ ಕೂತು ಟೈಪ್ ಮಾಡುತ್ತಿದ್ದೆ.

ಆ ವರ್ಷ ಚಿಕ್ಕಮ್ಮ ಹತ್ತಿರದ ಹಳ್ಳಿಯೊಂದರ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯ ಕೆಲಸ ಒಪ್ಪಿಕೊಂಡಿದ್ದರು. 160 ಪುಟ. ಡಿಸೆಂಬರಿನಲ್ಲಿ ಬಿಡುಗಡೆ. ಮುಂಗಡ ಹದಿನೈದು ಸಾವಿರ ಬಂದಿತ್ತು, ಬಂದ ವಾರವೇ ಸಂಘದ ಕಂತಿಗೂ ತಂಗಿಯ ಕಾಲೇಜು ಫೀಸಿಗೂ ಹೋಗಿತ್ತು. ಸುಮಾರು ನೂರು ಪುಟ ಟೈಪ್ ಆಗಿತ್ತು. ಅದರಲ್ಲಿ ಎಂಬತ್ತು ದಾಟಿದ ಹಳೇ ವಿದ್ಯಾರ್ಥಿಗಳು ಹೇಳಿ ಬರೆಸಿದ ನೆನಪುಗಳೂ ಇದ್ದವು. ಕೈಬರಹದ ಹಾಳೆಗಳನ್ನು ಶಾಲೆಯವರು ವಾಪಸ್ ಒಯ್ದು ಎಲ್ಲಿಟ್ಟಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ.

ಕಂಪ್ಯೂಟರ್ ಮಾತ್ರ ಹಿಂದಿನ ವರ್ಷದಿಂದಲೇ ತಕರಾರು ಶುರು ಮಾಡಿತ್ತು. ಟೈಪ್ ಮಾಡುತ್ತಿದ್ದ ಹಾಗೆ ಮೌಸ್ ನಿಂತಲ್ಲೇ ನಿಲ್ಲುವುದು, ಪರದೆ ಇದ್ದಕ್ಕಿದ್ದಂತೆ ನೀಲಿಯಾಗುವುದು, ತಾನೇ ಆರಿ ತಾನೇ ಹತ್ತುವುದು. ಮೊದಲು ಬಂದ ಹುಡುಗ ವೈರಸ್ ಎಂದು ವಿಂಡೋಸ್ ತೆಗೆದು ಮತ್ತೆ ಹಾಕಿದ. ಎರಡನೆಯವನು ರ್‍ಯಾಮ್ ತೆಗೆದು ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿದ. (ಈ ರಬ್ಬರ್ ಚಿಕಿತ್ಸೆ ಕಾಣದ ಕಂಪ್ಯೂಟರ್ ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.) ಮೂರನೆಯವನು ಕ್ಯಾಬಿನೆಟ್ಟಿನೊಳಗಿದ್ದ ಹಲ್ಲಿ ಮೊಟ್ಟೆ ತೋರಿಸಿ, ಎಲ್ಲದಕ್ಕೂ ಇದೇ ಕಾರಣ ಎಂದು ಧೂಳು ಹೊಡೆದು ದುಡ್ಡು ತೆಗೆದುಕೊಂಡ. ಆಮೇಲೆ ಎಸ್‌ಎಂಪಿಎಸ್ ಬದಲಾಯಿತು. ಯುಪಿಎಸ್ ಬಂತು. ಪ್ರತಿ ಸಲವೂ ನಾಲ್ಕು ದಿನ ಸರಿ ಇದ್ದು ಐದನೇ ದಿನ ಮತ್ತೆ ಅದೇ. ಕೊನೆಗೆ ಕುಂದಾಪುರದ ಒಂದು ಅಂಗಡಿಯಲ್ಲಿ ಮೂರು ದಿನ ಇಟ್ಟುಕೊಂಡು ತೀರ್ಪು ಕೊಟ್ಟರು: ಬೋರ್ಡ್ ಹೋಗಿದೆ. ಆ ನಮೂನೆ ಬೋರ್ಡ್ ಈಗ ಬರುವುದಿಲ್ಲ, ಹಾಗಾಗಿ ಪ್ರೊಸೆಸರ್ ಬೇರೆ, ರ್‍ಯಾಮ್ ಬೇರೆ, ಎಲ್ಲ ಸೇರಿ ಹನ್ನೊಂದೂವರೆ ಸಾವಿರ.

ದುಡ್ಡು ಹೇಗೋ ಹೊಂದಿಸಬಹುದಿತ್ತು. ದೊಡ್ಡ ಸಮಸ್ಯೆ ಲಾಕಿನದ್ದು. ಆ ಕಾಲದಲ್ಲಿ ಡಿಟಿಪಿ ಮಾಡಿದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ದುಡ್ಡು ಕೊಟ್ಟು ತರುವ ಕನ್ನಡ ಅಕ್ಷರದ ತಂತ್ರಾಂಶದ ಜೊತೆಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಲಾಕ್ ಬರುತ್ತಿತ್ತು. ಅದನ್ನು ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರ್ ಹಾಕುವ ಅಗಲದ ಪೋರ್ಟಿಗೆ ಸಿಕ್ಕಿಸಿದರೆ ಮಾತ್ರ ಅಕ್ಷರ ಮೂಡುತ್ತದೆ. ಅದು ಯುನಿಕೋಡ್ ಅಲ್ಲ. ಆ ತಂತ್ರಾಂಶ ಇಲ್ಲದೆ ಫೈಲು ತೆರೆದರೆ ಶತಮಾನದ ಶಾಲೆಯ ಇತಿಹಾಸವೆಲ್ಲ ಇಂಗ್ಲಿಷ್ ಅಕ್ಷರ, ಕೂಡಿಸುವ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆಗಳ ಕಲಸುಮೇಲೋಗರ. ಹೊಸ ಕಂಪ್ಯೂಟರಿಗೆ ಆ ತಂತ್ರಾಂಶ ಹಾಕೋಣವೆಂದರೆ ಸಿಡಿಗೆ ಬೂಸ್ಟು ಹಿಡಿದಿತ್ತು. ನಮ್ಮೂರಿನ ಮಳೆಗಾಲ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು, ಸಿಡಿಗೂ ಬೂಸ್ಟು. ಮಾರಿದವರು ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಹಾರ್ಡ್‌ಡಿಸ್ಕಿನಲ್ಲಿ ಫೈಲುಗಳೆಲ್ಲ ಭದ್ರವಾಗಿದ್ದರೂ ಅವನ್ನು ಓದಬಲ್ಲ ಯಂತ್ರ ಅದೊಂದೇ.

ವಿಷಯ ತಿಳಿದು ಬೈಂದೂರಿಗೆ ಹೋದಾಗ ಚಿಕ್ಕಮ್ಮ ಜೆರಾಕ್ಸ್ ಮೆಶಿನ್ನಿನ ಬದಿಯಲ್ಲಿ ಕೂತು ರೇಷನ್ ಕಾರ್ಡಿನ ಪ್ರತಿ ತೆಗೆಯುತ್ತಿದ್ದರು. ಚಾ ತರಿಸಿದರು. ಎಲ್ಲ ಕಥೆ ಹೇಳಿ ಕೊನೆಗೆ ಒಂದು ಮಾತು ಸೇರಿಸಿದರು.

“ಮಳಿ ಬಂದ್ ತಂಪಾದ್ ದಿನ ಬೆಳಿಗ್ಗೆ ಇದ್ ಏಳುದಿಲ್ಲೆ ಮಗಾ. ನಾಕೈದ್ ಸಲ ಸ್ವಿಚ್ ಒತ್ಕ್. ಊಟ ಆದ್ಮೇಲೆ ಎಂತ ತೊಂದ್ರಿಯೂ ಇಲ್ಲೆ.”

“ಇದನ್ನ ಅವರಿಗೆಲ್ಲ ಹೇಳಿದ್ರ್ಯಾ?”

“ಹೇಳ್ದೆ. ಕಂಪ್ಯೂಟ್ರಿಗೂ ಊಟ ಹಾಕ್ಕಾ ಅಂದ್ ನಗಾಡ್ತ್ರ್.”

ನನಗೆ ನಗು ಬರಲಿಲ್ಲ. ನಾಲ್ಕು ವರ್ಷ, ದಿನಕ್ಕೆ ಹತ್ತು ಗಂಟೆ ಆ ಯಂತ್ರದ ಎದುರು ಕೂತ ಒಬ್ಬರೇ ಒಬ್ಬ ಮನುಷ್ಯರು ಹೇಳುವ ಮಾತು ಅದು. ಅದೊಂದೇ ಸಾಕ್ಷಿ. ಬಂದ ಐದು ಜನರಲ್ಲಿ ಯಾರೂ ಆ ಯಂತ್ರವನ್ನು ತಂಪು ಬೆಳಿಗ್ಗೆಯಲ್ಲಿ ನೋಡಿರಲಿಲ್ಲ. ಹುಡುಗರು ಬರುತ್ತಿದ್ದುದು ಹನ್ನೊಂದರ ಮೇಲೆ. ಅಂಗಡಿಗೆ ಒಯ್ದರೆ ಅಲ್ಲಿ ದಿನವಿಡೀ ಚಾಲೂ ಇಟ್ಟು ನೋಡುತ್ತಿದ್ದರು, ಬಿಸಿಯಾದ ಮೇಲೆ ಅದು ಸರಿಯೇ ಇರುತ್ತಿತ್ತು.

ಆ ರಾತ್ರಿ ಅಲ್ಲೇ ಉಳಿದೆ. ಸೈಬರ್ ಅಂಗಡಿಯಲ್ಲಿ ಮೆಮ್‌ಟೆಸ್ಟ್ ಎಂಬ ಉಚಿತ ಪರೀಕ್ಷಾ ತಂತ್ರಾಂಶವನ್ನು ಫ್ಲಾಪಿಗೆ ಇಳಿಸಿಕೊಂಡು ಬಂದಿದ್ದೆ. ಅದು ವಿಂಡೋಸಿನ ಹಂಗಿಲ್ಲದೆ ನೇರವಾಗಿ ನೆನಪಿನ ಕೋಶಗಳಿಗೆ ಒಂದನ್ನು ಬರೆದು, ಓದಿ, ಬರೆದದ್ದೇ ಸಿಕ್ಕಿತೋ ಎಂದು ನೋಡುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಗೆ ಜಡಿಮಳೆ. ಐದನೇ ಸಲಕ್ಕೆ ಕಂಪ್ಯೂಟರ್ ಎದ್ದಿತು. ಪರದೆ ತುಂಬ ಕೆಂಪು ಗೆರೆಗಳು, ತಪ್ಪುಗಳ ಸಂಖ್ಯೆ ಏರುತ್ತಲೇ ಹೋಯಿತು. ಒಂಬತ್ತರ ಹೊತ್ತಿಗೆ ಏರುವುದು ನಿಂತಿತು. ನಿಲ್ಲಿಸಿ ಮೊದಲಿಂದ ಪರೀಕ್ಷೆ ಶುರು ಮಾಡಿದರೆ ಮಧ್ಯಾಹ್ನದವರೆಗೆ ಒಂದೂ ತಪ್ಪಿಲ್ಲ. ರ್‍ಯಾಮ್ ಕೆಟ್ಟಿದ್ದರೆ ಬೆಳಿಗ್ಗೆಯೂ ಕೆಟ್ಟಿರಬೇಕು, ಮಧ್ಯಾಹ್ನವೂ ಕೆಟ್ಟಿರಬೇಕು. ವೈರಸ್ ಎನ್ನಲು ಅಲ್ಲಿ ವಿಂಡೋಸೇ ಇಲ್ಲ. ಚಿಕ್ಕಮ್ಮ ಹೇಳಿದ್ದು ಅಕ್ಷರಶಃ ಸರಿ ಇತ್ತು.

ಈ ಹಂತದಲ್ಲಿ ನನಗೆ ನೆನಪಾದದ್ದು ಬ್ರಹ್ಮಾವರದ ಹತ್ತಿರದ ಒಬ್ಬ ರೇಡಿಯೋ ಮೆಕ್ಯಾನಿಕ್. ಪತ್ರಿಕೋದ್ಯಮ ಓದುವಾಗ ನಮ್ಮ ಪ್ರಯೋಗ ಪತ್ರಿಕೆಗೆ ಮಂಗಳೂರು ಆಕಾಶವಾಣಿ ಕೇಳುವವರ ಬಗ್ಗೆ ಬರೆಯಲು ಹೋಗಿ ಅವರ ಪರಿಚಯವಾಗಿತ್ತು. ಹೆಸರು ಬೇಡ, ಊರಿನವರೆಲ್ಲ ರೇಡಿಯೋದವರು ಅಂತಲೇ ಕರೆಯುವುದು. ತುಳುವೂ ಕುಂದಗನ್ನಡವೂ ಬೆರೆಯುವ ಊರದು, ಗಿರಾಕಿ ಯಾವುದರಲ್ಲಿ ಮಾತಾಡಿದರೆ ಅವರು ಅದರಲ್ಲಿ. ಕಂಪ್ಯೂಟರ್ ಅವರ ಅಂಗಡಿಗೆ ಬರುತ್ತಿರಲಿಲ್ಲ. ಆದರೆ ಮಿಕ್ಕವರೆಲ್ಲ ಇಡೀ ಪೆಟ್ಟಿಗೆ ಬದಲಿಸುವವರು. ಒಳಗಿನ ಒಂದು ತುಂಡು ಬದಲಿಸುವವರು ನನಗೆ ಗೊತ್ತಿದ್ದಂತೆ ಅವರೊಬ್ಬರೇ.

ಕಂಪ್ಯೂಟರನ್ನು ಗೋಣಿಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ ಬಸ್ಸು ಹತ್ತಿದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ಮಳೆ ಮೂರನೇ ಬದಿಯಿಂದ. ಕುಂದಾಪುರದಲ್ಲಿ ಬಸ್ಸು ಬದಲಿಸಿ ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ ದಾಟಿ ತಲುಪುವಾಗ ಮಧ್ಯಾಹ್ನ.

ರೇಡಿಯೋದವರು ಮೊದಲು ಕೇಳಿದ್ದು, “ಇದ್ರ ಎದ್ರ್ ಕೂಕಂಬುದ್ ಯಾರ್?” ಚಿಕ್ಕಮ್ಮ ಎಂದೆ. “ಅವ್ರ್ ಎಂತ ಅಂತ್ರ್?” ಬೆಳಿಗ್ಗೆ ಏಳುವುದಿಲ್ಲ, ಊಟ ಆದ ಮೇಲೆ ಸರಿ ಇರುತ್ತದೆ ಎಂದೆ.

ಅವರು ನಗಲಿಲ್ಲ. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು, ಟಾರ್ಚನ್ನು ಓರೆಯಾಗಿ ಹಿಡಿದು, ಪ್ರೊಸೆಸರಿನ ಪಕ್ಕ ಸಾಲಾಗಿ ನಿಂತ ಪುಟ್ಟ ಡಬ್ಬಿಗಳ ಮೇಲೆ ಬೆಳಕು ಬಿಟ್ಟರು. “ಕಾಣಿ ಇಲ್ಲ್. ಕಂಡೆನ್ಸರ್. ಹೊಟ್ಟಿ ಬಂದಿತ್ತ್.”

ಹೌದು. ಫ್ಯಾನ್ ನಿಧಾನವಾದರೆ ಬದಲಿಸುತ್ತೇವಲ್ಲ, ಅದೇ ಕಂಡೆನ್ಸರಿನ ಜಾತಿ. ಕಂಪ್ಯೂಟರಿನವರು ಕೆಪಾಸಿಟರ್ ಎನ್ನುತ್ತಾರೆ. ಮೇಲ್ಭಾಗ ಚಪ್ಪಟೆ ಇರಬೇಕು, ಅದರ ಮೇಲೆ ಕೂಡಿಸುವ ಚಿಹ್ನೆಯಂತೆ ಗೀರು ಇರುತ್ತದೆ. ಒಳಗೆ ಒತ್ತಡ ಹೆಚ್ಚಿದರೆ ಸಿಡಿಯುವ ಬದಲು ಆ ಗೀರು ಬಿಟ್ಟುಕೊಳ್ಳಲಿ ಎಂದು ಮಾಡಿದ್ದು. ಚಿಕ್ಕಮ್ಮನ ಬೋರ್ಡಿನಲ್ಲಿ ಒಂಬತ್ತು ಡಬ್ಬಿಗಳ ತಲೆ ಹಬೆಗೆ ಉಬ್ಬಿದ ಕಡುಬಿನ ಹಾಗಿತ್ತು. ಎರಡರ ಗೀರು ಒಡೆದು ಕಂದು ಬಣ್ಣದ ಅಂಟು ಒಣಗಿತ್ತು. ಐದು ಜನ ಈ ಮುಚ್ಚಳ ತೆಗೆದಿದ್ದರು. ಹಲ್ಲಿ ಮೊಟ್ಟೆ ಕಂಡವನಿಗೂ ಇದು ಕಂಡಿರಲಿಲ್ಲ.

ಅದು ಅಲ್ಲಿ ಮಾಡುವ ಕೆಲಸ ಏನು? ರೇಡಿಯೋದವರು ಏತದ ಲೆಕ್ಕದಲ್ಲಿ ಹೇಳಿದರು. ಏತದಲ್ಲಿ ನೀರು ಒಂದೇ ಸಮನೆ ಬರುವುದಿಲ್ಲ, ಒಂದು ಮೊಗೆತ, ನಿಲುಗಡೆ, ಮತ್ತೊಂದು ಮೊಗೆತ. ಗದ್ದೆಗೆ ಬೇಕಾದ್ದು ಒಂದೇ ಸಮನೆ ಹರಿವ ನೀರು. ಹಾಗಾಗಿ ನಡುವೆ ಒಂದು ಗುಂಡಿ. ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಬೋರ್ಡು ಸೆಕೆಂಡಿಗೆ ಲಕ್ಷಾಂತರ ಸಲ ತುಂಡರಿಸಿ ಪ್ರೊಸೆಸರಿಗೆ ಬೇಕಾದ ಒಂದೂವರೆ ವೋಲ್ಟಿನ ಆಸುಪಾಸಿಗೆ ಇಳಿಸುತ್ತದೆ. ಆ ತುಂಡು ತುಂಡು ಹರಿವನ್ನು ನಯ ಮಾಡುವ ಗುಂಡಿಯೇ ಕಂಡೆನ್ಸರ್. ಒಂದೂವರೆ ವೋಲ್ಟು ಎಂದು ತಾತ್ಸಾರ ಬೇಡ, ಪೆಂಟಿಯಂ 4 ಪೂರ್ತಿ ದುಡಿಯುವಾಗ ಎಳೆಯುವ ಕರೆಂಟು 40 ಆಂಪಿಯರಿಗೂ ಮೇಲೆ. ನಮ್ಮ ಮನೆಗಳ ಮೇನ್ ಸ್ವಿಚ್ಚು 32 ಆಂಪಿಯರಿಗೇ ಬೀಳುವುದುಂಟು.

ಗುಂಡಿ ಕಿರಿದಾಗಿ, ಅದರ ಬಾಯಿಗೆ ಹೂಳು ಕಟ್ಟಿಕೊಂಡರೆ? ಬೇಕಾದ ಕ್ಷಣಕ್ಕೆ ಬೇಕಾದಷ್ಟು ನೀರು ಸಿಗುವುದಿಲ್ಲ. ಒಂದು ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಆ ಕ್ಷಣದಲ್ಲಿ ಪ್ರೊಸೆಸರ್ ಒಂದನ್ನು ಸೊನ್ನೆ ಎಂದು ಓದುತ್ತದೆ, ಪರದೆ ನೀಲಿಯಾಗುತ್ತದೆ. ಕಂಡೆನ್ಸರಿನ ಒಳಗಿರುವುದು ಸುರುಳಿ ಸುತ್ತಿದ ಅಲ್ಯೂಮಿನಿಯಂ ಹಾಳೆ, ನಡುವೆ ದ್ರವದಲ್ಲಿ ನೆನೆದ ಕಾಗದ. ಆ ದ್ರವ ತಂಪಾದಾಗ ವಿದ್ಯುತ್ತನ್ನು ಕಡಿಮೆ ಬಿಡುತ್ತದೆ, ಬಿಸಿಯಾದಾಗ ಹೆಚ್ಚು. ನಮ್ಮೂರಿನ ತಂಪು ಮಡಿಕೇರಿಯವರಿಗೆ ತಂಪೇ ಅಲ್ಲ. ಆದರೂ ಆಗಲೋ ಈಗಲೋ ಎಂದು ನಿಂತ ಕಂಡೆನ್ಸರಿಗೆ ಆಟಿ ತಿಂಗಳ ಬೆಳಗು ಸಾಕು. ನಾಲ್ಕೈದು ಸಲ ಸ್ವಿಚ್ ಒತ್ತಿದಾಗ ಹರಿದ ಕರೆಂಟಿನಲ್ಲೇ ಅದು ಸ್ವಲ್ಪ ಬಿಸಿಯಾಗಿ ದಾರಿಗೆ ಬರುತ್ತಿತ್ತು. ಊಟದ ಹೊತ್ತಿಗೆ ಪೂರ್ತಿ ಬಿಸಿ.

“ನಮ್ಮ ಉಪ್ಪುಗಾಳಿಯಿಂದ ಹೀಗಾಯ್ತಾ?” ಎಂದು ಕೇಳಿದೆ. ಅವರು ಬೋರ್ಡಿನ ಅಂಚಿನ ಸ್ಕ್ರೂ ತೋರಿಸಿದರು, ತುಕ್ಕು ಹಿಡಿದಿತ್ತು. ಉಪ್ಪುಗಾಳಿ ಮಾಡಿದ್ದು ಅದು. ಕಂಡೆನ್ಸರಿನ ಹೊರ ಕಾಲುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹಾಳಾದದ್ದು ಒಳಗಿಂದ.

ಬದಲಿಸಲು ಅವರ ಹತ್ತಿರ ಸಾಮಾನಿರಲಿಲ್ಲ. ಟಿವಿಗೆ ಹಾಕುವ ಕಂಡೆನ್ಸರ್ ಡಬ್ಬಿ ತುಂಬ ಇತ್ತು, ಆದರೆ ಅದು ಬೇಡ ಎಂದರು. ಇಲ್ಲಿ ಬೇಕಾದದ್ದು 105 ಡಿಗ್ರಿ ತಾಳುವ, ಒಳತಡೆ ತೀರಾ ಕಡಿಮೆ ಇರುವ ನಮೂನೆ. ಅಳತೆ ಅದೇ ಇದೆ ಎಂದು ಸಾದಾ 85 ಡಿಗ್ರಿಯದ್ದು ಹಾಕಿದರೆ ಅಂಗಡಿ ದಾಟುವವರೆಗೆ ಸರಿ ಇರುತ್ತದೆ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಬೋರ್ಡಿನ ಚಿತ್ರ ಬರೆದು, ಒಂದೊಂದು ಕಂಡೆನ್ಸರಿನ ಜಾಗ, ಅಳತೆ, ಋಣ ಕಾಲು ಯಾವ ಬದಿ ಎಂದು ಗುರುತು ಹಾಕಿಕೊಂಡರು. ಬೋರ್ಡಿನ ಮೇಲೂ ಗುರುತು ಇರುತ್ತದೆ, ಸಾಮಾನ್ಯವಾಗಿ ಬಣ್ಣ ತುಂಬಿದ ಬದಿ ಋಣ. ಕೆಲವು ಬೋರ್ಡುಗಳಲ್ಲಿ ಅದೇ ಉಲ್ಟಾ. ಹಾಗಾಗಿ ಅಚ್ಚಾದ ಗುರುತನ್ನು ನಂಬದೆ, ತೆಗೆಯುವ ಮೊದಲು ಕಣ್ಣಾರೆ ಕಂಡದ್ದನ್ನು ಬರೆದಿಟ್ಟುಕೊಳ್ಳುವುದು ಅವರ ಕ್ರಮ. ತಿರುಗಿಸಿ ಹಾಕಿದರೆ ಕಂಡೆನ್ಸರ್ ಸಿಡಿಯುತ್ತದೆ. ಒಂಬತ್ತು 3300 ಮೈಕ್ರೋಫ್ಯಾರಡ್ 6.3 ವೋಲ್ಟಿನವು, ಐದು 1000ದವು. ಉಬ್ಬಿರದ ಆ ಐದನ್ನೂ ಬದಲಿಸಬೇಕೆಂದರು, ಒಂದೇ ಕಂಪನಿಯವು, ಒಟ್ಟಿಗೆ ಹುಟ್ಟಿದವು.

ಬೆಂಗಳೂರಿನಲ್ಲಿದ್ದ ನಮ್ಮ ಬ್ಯಾಚಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ ತಿರುಗಿ, ಎರಡು ಹೆಚ್ಚೇ ಇರಲಿ ಎಂದು ಹದಿನಾರು ತೆಗೆದು, ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ. ತಲಾ ಹನ್ನೆರಡು ರೂಪಾಯಿ. ಬೆಳಿಗ್ಗೆ ಆರೂವರೆಗೆ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿನ ಕ್ಲೀನರ್ ಬೀಡಿ ಕಟ್ಟಿನಷ್ಟು ದೊಡ್ಡ ಪೊಟ್ಟಣ ಕೊಟ್ಟು, “ಇಷ್ಟಕ್ಕೆ ನಲವತ್ತು ರೂಪಾಯಿ ಪಾರ್ಸೆಲ್ಲಾ?” ಎಂದು ನನಗಿಂತ ಹೆಚ್ಚು ಬೇಸರ ಮಾಡಿಕೊಂಡ.

ರೇಡಿಯೋದವರು ಆ ಹೆಚ್ಚಿನ ಎರಡರಲ್ಲಿ ಒಂದನ್ನು ಬ್ಲೇಡಿನಲ್ಲಿ ಕುಯ್ದರು. ದೊಡ್ಡ ಡಬ್ಬಿಯೊಳಗೆ ಸಣ್ಣ ಕಂಡೆನ್ಸರ್ ತುಂಬಿ ಮಾರುವ ಮೋಸ ಇದೆಯಂತೆ. ಇದರಲ್ಲಿ ಸುರುಳಿ ಅಂಚಿನವರೆಗೆ ತುಂಬಿತ್ತು. ಅಡ್ಡಿಲ್ಲ ಎಂದರು.

ಮುಂದಿನ ಎರಡೂವರೆ ಗಂಟೆ ನಾನು ಕಂಡದ್ದನ್ನು ಬರೆಯುವುದು ಕಷ್ಟ, ಏಕೆಂದರೆ ಹೆಚ್ಚಿನ ಹೊತ್ತು ಏನೂ ನಡೆಯುತ್ತಿರಲಿಲ್ಲ. ಟಿವಿಯ ಬೋರ್ಡಿನಲ್ಲಿ ಕಾವಿಯ ಮೊನೆ ತಾಗಿಸಿದರೆ ಸೀಸ ಕೂಡಲೇ ಕರಗುತ್ತದೆ. ಮದರ್‌ಬೋರ್ಡ್ ಪದರ ಪದರವಾಗಿರುತ್ತದೆ, ನಡುವಿನ ತಾಮ್ರದ ಹಾಳೆ ಬಿಸಿಯನ್ನೆಲ್ಲ ಕುಡಿಯುತ್ತದೆ. ಕಡಿಮೆ ಬಿಸಿ ಕೊಟ್ಟರೆ ಕರಗುವುದಿಲ್ಲ, ಹೆಚ್ಚು ಹೊತ್ತು ಹಿಡಿದರೆ ತೂತಿನ ಒಳಗಿನ ತಾಮ್ರದ ಉಂಗುರವೇ ಕಿತ್ತು ಬರುತ್ತದೆ. ಅದು ಕಿತ್ತರೆ ನಿಜವಾಗಿಯೂ ಬೋರ್ಡ್ ಹೋದ ಹಾಗೆ. ಅವರು ಹಳೇ ಬೆಸುಗೆಯ ಮೇಲೆ ಸ್ವಲ್ಪ ಹೊಸ ಸೀಸ ತಾಗಿಸುತ್ತಿದ್ದರು, ಎರಡೂ ಬೆರೆತರೆ ಬೇಗ ಕರಗುತ್ತದೆ. ಒಂದು ಕಾಲು ಕರಗಿದಾಗ ಕಂಡೆನ್ಸರನ್ನು ಕೂದಲೆಳೆಯಷ್ಟು ವಾಲಿಸುವುದು, ಆಮೇಲೆ ಇನ್ನೊಂದು ಕಾಲು, ಮತ್ತೆ ಮೊದಲನೆಯದು. ಮಗುವಿನ ಹಾಲುಹಲ್ಲು ಅಲ್ಲಾಡಿಸಿ ತೆಗೆಯುವ ಹಾಗೆ. ತೆಗೆದ ತೂತಿನಲ್ಲಿ ಉಳಿದ ಸೀಸಕ್ಕೆ ಹೊಲಿಗೆಯ ಸೂಜಿ.

ಆರನೆಯದು ತೆಗೆಯುವಾಗ ಕರೆಂಟ್ ಹೋಯಿತು. ಮುಕ್ಕಾಲು ಗಂಟೆ ಇಬ್ಬರೂ ಬಾಗಿಲ ಹೊರಗೆ ಮಳೆ ನೋಡುತ್ತ ಕೂತೆವು. ಅರ್ಧ ಬಿಚ್ಚಿದ ಬೋರ್ಡಿನ ಮೇಲೆ ಅವರು ಬೈರಾಸು ಮುಚ್ಚಿದ್ದರು. ಶತಮಾನೋತ್ಸವದ ಪುಸ್ತಕದ ವಿಷಯ ಹೇಳಿದೆ. ತಾನು ಕಲಿತ ಶಾಲೆ ಮಕ್ಕಳಿಲ್ಲದೆ ಮುಚ್ಚಿ ಹೋಯಿತು, ಅದಕ್ಕೆ ಎಪ್ಪತ್ತೈದೂ ತುಂಬಲಿಲ್ಲ ಎಂದರು. ಮತ್ತೇನೂ ಹೇಳಲಿಲ್ಲ.

ಹದಿನಾಲ್ಕೂ ಕೂತ ಮೇಲೆ ಸ್ವಿಚ್ ಒತ್ತಿದ್ದು ಸಂಜೆ ಐದಕ್ಕೆ. ಎದ್ದಿತು. ನಾನು ಖುಷಿಪಟ್ಟೆ, ಅವರು ಪಡಲಿಲ್ಲ. “ಈಗ ಎದ್ದದ್ದ್ ಲೆಕ್ಕಕ್ಕಿಲ್ಲೆ. ಸಂಜಿಗ್ ಅದ್ ಮುಂಚೆಯೂ ಏಳ್ತಿತ್ತ್.” ಆ ರಾತ್ರಿ ಕಂಪ್ಯೂಟರ್ ಅವರ ಅಂಗಡಿಯಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಆರೂವರೆಗೆ, ಅಂಗಡಿಯೆಲ್ಲ ತೇವದ ವಾಸನೆ ಹೊಡೆಯುತ್ತಿದ್ದಾಗ, ಒಂದೇ ಸಲಕ್ಕೆ ಎದ್ದಿತು. ಮೆಮ್‌ಟೆಸ್ಟ್ ನಾಲ್ಕು ಸುತ್ತು ಓಡಿಸಿದೆವು. ಸೊನ್ನೆ.

ಕೂಲಿ ಇನ್ನೂರೈವತ್ತು ತೆಗೆದುಕೊಂಡರು. ಚಿಕ್ಕಮ್ಮ ಐನೂರು ಕೊಟ್ಟು ಕಳಿಸಿದ್ದರು, ಉಳಿದದ್ದನ್ನು ಹಠ ಮಾಡಿ ನನ್ನ ಕಿಸೆಗೆ ಹಾಕಿದರು. ಹದಿನಾರು ಕಂಡೆನ್ಸರಿಗೆ ನೂರ ತೊಂಬತ್ತೆರಡು, ಪಾರ್ಸೆಲ್ ನಲವತ್ತು. ಒಟ್ಟು ನಾನೂರ ಎಂಬತ್ತೆರಡು ರೂಪಾಯಿ, ಬಸ್ ಚಾರ್ಜ್ ಬಿಟ್ಟು. ಹಳೇ ಹದಿನಾಲ್ಕನ್ನು ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟರು, “ಮನಿಯರಿಗ್ ತೋರ್ಸಿ.” ಚಿಕ್ಕಮ್ಮ ಅವನ್ನು ಮೇಜಿನ ಗಾಜಿನ ಕೆಳಗಿಡಲಾಗದೆ, ಪಿನ್ನು ಹಾಕುವ ಡಬ್ಬಿಯಲ್ಲಿ ಬಹಳ ಕಾಲ ಇಟ್ಟುಕೊಂಡಿದ್ದರು. “ಉಪ್ಪುಗಾಳಿ” ಎಂದವರಿಗೆಲ್ಲ ಒಂದೊಂದು ತೆಗೆದು ತೋರಿಸುತ್ತಿದ್ದರು.

ಆಮೇಲೆ ಕೂತು ಓದಿದಾಗ ಇದು ಬೈಂದೂರಿನ ಒಂದು ಅಂಗಡಿಯ ಕತೆಯಷ್ಟೇ ಅಲ್ಲ ಎಂದು ಗೊತ್ತಾಯಿತು. ಕಂಡೆನ್ಸರಿನ ಆಯುಷ್ಯಕ್ಕೆ ಒಂದು ಸಾದಾ ಲೆಕ್ಕವಿದೆ: 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದಾದರೆ, ಪ್ರತಿ 10 ಡಿಗ್ರಿ ಇಳಿದಾಗ ಆಯುಷ್ಯ ಎರಡು ಪಟ್ಟು. 65 ಡಿಗ್ರಿಯಲ್ಲಿ 32,000 ಗಂಟೆ. ದಿನಕ್ಕೆ ಹತ್ತು ಗಂಟೆಯಂತೆ ಎಂಟೂ ಮುಕ್ಕಾಲು ವರ್ಷ. ಚಿಕ್ಕಮ್ಮನದು ಮೂರನೇ ವರ್ಷಕ್ಕೇ ಕೈಕೊಟ್ಟಿತ್ತು. ಆ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನಾದ್ಯಂತ ಹೀಗೆ ಲೆಕ್ಕವಿಲ್ಲದಷ್ಟು ಬೋರ್ಡುಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು. ನೀರಿನಂಶ ಹೆಚ್ಚಿರುವ ಅಗ್ಗದ ದ್ರವದಲ್ಲಿ ಅಲ್ಯೂಮಿನಿಯಂ ಅನ್ನು ಕಾಯುವ ರಾಸಾಯನಿಕ ಸರಿಯಾಗಿ ಸೇರಿರಲಿಲ್ಲ. ನೀರು ಅಲ್ಯೂಮಿನಿಯಂ ಜೊತೆ ಸೇರಿ ಹೈಡ್ರೋಜನ್ ಹುಟ್ಟಿ, ಡಬ್ಬಿ ಉಬ್ಬುತ್ತಿತ್ತು. ಜಪಾನಿನ ಕಂಪನಿಯೊಂದರಿಂದ ಕದ್ದ ಅರ್ಧಂಬರ್ಧ ಸೂತ್ರ ತೈವಾನಿಗೆ ಹೋದದ್ದೇ ಇದಕ್ಕೆ ಕಾರಣ ಎಂಬ ಸುದ್ದಿ 2002-03ರಲ್ಲಿ ತಾಂತ್ರಿಕ ಪತ್ರಿಕೆಗಳಲ್ಲಿ ಬಂದಿತ್ತು. ಪತ್ತೇದಾರಿ ಕಾದಂಬರಿಯಂತಿರುವ ಆ ಕತೆ ಎಲ್ಲದಕ್ಕೂ ಉತ್ತರವಲ್ಲ. ಏಕೆಂದರೆ ಅತಿ ದೊಡ್ಡ ಗಲಾಟೆಯಾದ ಡೆಲ್ ಕಂಪ್ಯೂಟರುಗಳಲ್ಲಿದ್ದದ್ದು ಜಪಾನಿನದೇ ಹೆಸರಾಂತ ಕಂಪನಿ ನಿಚಿಕಾನ್‌ನ ಕೆಪಾಸಿಟರುಗಳು.

ಡೆಲ್ ಕತೆ ಬಯಲಾದದ್ದು ನಮ್ಮ ರಿಪೇರಿಯ ಮರುವರ್ಷ. 2003ರ ಮೇಯಿಂದ 2005ರ ಜುಲೈವರೆಗೆ ಆ ಕಂಪನಿ ಹೀಗೆ ಕೆಡಬಹುದಾದ 1.18 ಕೋಟಿ ಕಂಪ್ಯೂಟರ್ ಮಾರಿತ್ತು ಎಂದು ಅಮೆರಿಕದ ಮೊಕದ್ದಮೆಯೊಂದರ ದಾಖಲೆಗಳನ್ನು ಓದಿ ‘ನ್ಯೂಯಾರ್ಕ್ ಟೈಮ್ಸ್’ 2010ರ ಜೂನ್ ಕೊನೆಗೆ ಬರೆಯಿತು. ರಿಪೇರಿ, ಬದಲಾವಣೆಗೆಂದು ಕಂಪನಿ 2005ರಲ್ಲೇ 30 ಕೋಟಿ ಡಾಲರ್ ತೆಗೆದಿಟ್ಟಿತ್ತು. ಹಾಗಿದ್ದೂ ಗಿರಾಕಿಗಳಿಗೆ ತಾವಾಗಿ ವಿಷಯ ತಿಳಿಸಬೇಡಿ ಎಂದು ನೌಕರರಿಗೆ ಸೂಚನೆ ಹೋಗಿತ್ತು. ಕೋರ್ಟಿನಲ್ಲಿ ಕಂಪನಿಯ ಪರ ವಾದಿಸುತ್ತಿದ್ದ ವಕೀಲರ ಸಂಸ್ಥೆಯ ಸಾವಿರ ಕಂಪ್ಯೂಟರುಗಳನ್ನು ಸರಿಪಡಿಸಲೂ ಅದು ಹಿಂದೇಟು ಹಾಕಿತ್ತಂತೆ. ನನಗೆ ತುಂಬ ಹಿಡಿಸಿದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಪ್ರಸಂಗ. ಅಲ್ಲಿನ ಗಣಿತ ವಿಭಾಗದ ಕಂಪ್ಯೂಟರುಗಳು ಕೆಟ್ಟಾಗ, ನೀವು ತೀರಾ ಕಷ್ಟದ ಲೆಕ್ಕ ಮಾಡಿಸಿ ಯಂತ್ರಕ್ಕೆ ಸುಸ್ತು ಮಾಡಿದ್ದೀರಿ ಎಂದು ಉತ್ತರ ಬಂದಿತ್ತಂತೆ. ನಮಗೆ ಉಪ್ಪುಗಾಳಿ, ಅವರಿಗೆ ಲೆಕ್ಕ!

ಇದನ್ನು ರೇಡಿಯೋದವರಿಗೆ ಹೇಳಿದೆ. ಅವರು ಕಾವಿ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು, “ಹಂಗಾರೆ ಲೆಕ್ಕ ಮಾಡುಕಲ್ದೆ ಕಂಪ್ಯೂಟರ್ ಮತ್ತೆಂತಕ್ಕೆ ಮಾರ್ರೆ?”

ಆ ಹೊತ್ತಿಗೆ ಅವರ ಅಂಗಡಿಯಲ್ಲಿ ಏಳೆಂಟು ಮದರ್‌ಬೋರ್ಡುಗಳು ಸರದಿಯಲ್ಲಿದ್ದವು. ಸುದ್ದಿ ಹಬ್ಬಿತ್ತು. ಕುಂದಾಪುರದಿಂದ ಒಬ್ಬ ಫೋಟೋ ಸ್ಟುಡಿಯೋದವರು, ಬಾರಕೂರು ಕಡೆಯಿಂದ ಹಾಲಿನ ಸೊಸೈಟಿಯ ಲೆಕ್ಕ ಬರೆಯುವವರು. ಎಲ್ಲವೂ ಸರಿಯಾಗುತ್ತಿತ್ತು ಎಂದರೆ ಸುಳ್ಳು. ಕಂಡೆನ್ಸರಿನ ತಲೆ ಚಪ್ಪಟೆ ಇದ್ದು ಬೇರೆಲ್ಲೋ ಸುಟ್ಟ ಬೋರ್ಡುಗಳನ್ನು ಅವರು ಮುಟ್ಟದೆ ಹಿಂದಿರುಗಿಸುತ್ತಿದ್ದರು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬೇರೆಯವರಿಗೆ ಬಿಚ್ಚಲು ಬಿಡುತ್ತಿರಲಿಲ್ಲ. ಅದರೊಳಗಿನ ದೊಡ್ಡ ಕಂಡೆನ್ಸರ್ ಪ್ಲಗ್ ತೆಗೆದ ಮೇಲೂ 300 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು, ಆ ಪೆಟ್ಟು ತಿಂದವರಿಗೇ ಗೊತ್ತು. ಓದುವವರಲ್ಲಿ ಯಾರಾದರೂ ಸ್ಕ್ರೂಡ್ರೈವರ್ ಹಿಡಿದು ಹೊರಟರೆ ಇದೊಂದು ನೆನಪಿರಲಿ. ಮುಂದಿನ ಕೆಲವು ವರ್ಷಗಳಲ್ಲಿ ದ್ರವವೇ ಇಲ್ಲದ ಗಟ್ಟಿ ಪಾಲಿಮರ್ ಕೆಪಾಸಿಟರುಗಳಿರುವ ಬೋರ್ಡುಗಳು ಬಂದು ಈ ನಮೂನೆ ಕಾಯಿಲೆ ಕಡಿಮೆಯಾಯಿತು. ಸರದಿಯೂ ಕರಗಿತು.

ಸ್ಮರಣ ಸಂಚಿಕೆ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಕೊನೆಯ ಅರವತ್ತು ಪುಟಗಳನ್ನು ಚಿಕ್ಕಮ್ಮ ಬೆಳಿಗ್ಗೆ ಆರಕ್ಕೇ ಕೂತು ಟೈಪ್ ಮಾಡಿದರು. ನೆನಪು ಹೇಳಿ ಬರೆಸಿದವರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು, ಅವರ ಮಕ್ಕಳು ಹತ್ತು ಹತ್ತು ಪ್ರತಿ ಕೊಂಡರು.

ಈಗ ಬೈಂದೂರೂ ಬ್ರಹ್ಮಾವರವೂ ಬೇರೆ ಬೇರೆ ತಾಲೂಕು. ಚಿಕ್ಕಮ್ಮನ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಇದೆ, ಕೆಲಸವೆಲ್ಲ ಯುನಿಕೋಡಿನಲ್ಲಿ, ಅರ್ಜಿಗಳು ಆನ್‌ಲೈನಿನಲ್ಲಿ. ಹಳೆಯದು ಮೂಲೆಯಲ್ಲಿ, ಹಳೇ ಸೀರೆಯ ತುಂಡು ಹೊದ್ದು ಕೂತಿದೆ, ಬೆನ್ನಿಗೆ ಅದೇ ಲಾಕ್. ವರ್ಷಕ್ಕೆ ಒಂದೆರಡು ಸಲ ಯಾರಾದರೂ ಹಳೇ ಪುಸ್ತಕವೋ ವಂಶಾವಳಿಯೋ ಮರುಮುದ್ರಣ ಮಾಡಿಸಬೇಕೆಂದು ಬರುತ್ತಾರೆ. ಆಗ ಚಿಕ್ಕಮ್ಮ ಸೀರೆ ಸರಿಸಿ ಸ್ವಿಚ್ ಒತ್ತುತ್ತಾರೆ. ಹಾರ್ಡ್‌ಡಿಸ್ಕ್ ಒಮ್ಮೆ ಬದಲಾಗಿದೆ, ಫ್ಯಾನ್ ಎರಡು ಸಲ. ಬೋರ್ಡ್ ಅದೇ.